ಐದು ಮೊನೆಯ ನಕ್ಷತ್ರ ತಲೆಕೆಳಗಾದ ಕಥೆ

ಕಾಗದದ ಮೇಲಿಂದ ಪೆನ್ಸಿಲ್ ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಗೆರೆ ಎಳೆಯದೆ ನಕ್ಷತ್ರ ಬರೆಯುವುದು ಶಾಲೆಯ ಮೆಟ್ಟಿಲು ಹತ್ತಿದ ಬಹುಪಾಲು ಮಕ್ಕಳು ಕಲಿತ ಆಟ. ಐದು ನೇರ ಗೆರೆ, ಐದು ಮೊನೆ. ಹೊರಟ ಬಿಂದುವಿಗೇ ಗೆರೆ ಬಂದು ಸೇರಿದರೆ ನಕ್ಷತ್ರ ಸಿದ್ಧ. ಇಷ್ಟು ಸರಳವಾದ ಚಿತ್ರವೊಂದು ಕೊಲೆ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಬಹುದು ಎಂದರೆ ನಂಬುವುದು ಕಷ್ಟ.

ಆದರೆ 1994ರಲ್ಲಿ ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ನ್ಯಾಯಾಲಯವೊಂದರಲ್ಲಿ ಹಾಗೆಯೇ ಆಯಿತು. ಹಿಂದಿನ ವರ್ಷದ ಮೇ ತಿಂಗಳಲ್ಲಿ ವೆಸ್ಟ್ ಮೆಂಫಿಸ್ ಎಂಬ ಊರಿನಲ್ಲಿ ಎಂಟು ವರ್ಷದ ಮೂವರು ಹುಡುಗರ ಕೊಲೆಯಾಗಿತ್ತು. ಹದಿಹರೆಯದ ಮೂವರನ್ನು ಪೊಲೀಸರು ಬಂಧಿಸಿದರು. ಇದು ಸೈತಾನನ ಆರಾಧಕರು ನಡೆಸಿದ ಬಲಿ ಎಂಬುದು ಸರಕಾರಿ ವಕೀಲರ ವಾದ. ಅದಕ್ಕೆ ಬೆಂಬಲವಾಗಿ ನ್ಯಾಯಾಲಯದ ಮುಂದಿಟ್ಟ ವಸ್ತುಗಳಲ್ಲಿ ಆರೋಪಿಯೊಬ್ಬನ ಪುಸ್ತಕವೂ ಇತ್ತು. ಅದರಲ್ಲಿ ಅವನು ಕೆಲವು ಮಂತ್ರಗಳನ್ನು ನಕಲು ಮಾಡಿ, ತಲೆಕೆಳಗಾದ ಶಿಲುಬೆಗಳನ್ನೂ ಒಂದು ಐದು ಮೊನೆಯ ನಕ್ಷತ್ರವನ್ನೂ ಬರೆದಿದ್ದ. ಗೂಢವಿದ್ಯೆಯ ತಜ್ಞನೆಂದು ಕರೆಸಿದ್ದ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ಇವೆಲ್ಲದರ ‘ಅರ್ಥ’ವನ್ನು ಪಂಚಾಯತರಿಗೆ ವಿವರಿಸಿದ. ಪುಸ್ತಕದ ಒಡೆಯನಿಗೆ ಮರಣದಂಡನೆ ಆಯಿತು. ಉಳಿದಿಬ್ಬರಿಗೆ ಜೀವಾವಧಿ.

ಆ ಚಿತ್ರಕ್ಕೆ ಅಂಥ ಭಯಾನಕ ಅರ್ಥ ಬಂದದ್ದು ಎಲ್ಲಿಂದ? ಪ್ರಾಚೀನ ಕಾಲದಿಂದಲೂ ಅದು ಸೈತಾನನ ಚಿಹ್ನೆ ಎಂದು ಪಾಶ್ಚಾತ್ಯ ದೇಶಗಳಲ್ಲಿ ಅನೇಕರು ನಂಬಿದ್ದಾರೆ. ಇತಿಹಾಸ ಹೇಳುವುದು ಬೇರೆ. ಪೆಂಟಗ್ರಾಮ್ ಎಂದು ಗ್ರೀಕ್ ಮೂಲದ ಹೆಸರಿನಿಂದ ಕರೆಸಿಕೊಳ್ಳುವ ಈ ನಕ್ಷತ್ರಕ್ಕೆ ಸುಮಾರು ಐದು ಸಾವಿರ ವರ್ಷಗಳ ಚರಿತ್ರೆ ಇದೆ. ಅದರಲ್ಲಿ ಅದು ಸೈತಾನನ ಗುರುತಾಗಿರುವುದು ಕೊನೆಯ 170 ವರ್ಷಗಳಲ್ಲಿ ಮಾತ್ರ. ಆ ಅರ್ಥವನ್ನು ಸ್ಪಷ್ಟವಾಗಿ ಬರೆದಿಟ್ಟವನು ಪ್ಯಾರಿಸ್‌ನ ಒಬ್ಬ ಲೇಖಕ.

ಜಾಡಿಯ ಮೇಲಿನ ಮುದ್ರೆ

ಈಗಿನ ಇರಾಕ್‌ನಲ್ಲಿದ್ದ ಸುಮೇರಿಯಾದ ಜನ ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆಯುತ್ತಿದ್ದರು. ಕ್ರಿ.ಪೂ. 3000ದ ಆಸುಪಾಸಿನ ಅವರ ಲಿಪಿಯಲ್ಲಿ ಐದು ಮೊನೆಯ ನಕ್ಷತ್ರದಂಥ ಅಕ್ಷರವೊಂದಿದೆ. ವಿದ್ವಾಂಸರು ಅದನ್ನು ‘ಉಬ್’ ಎಂದು ಓದುತ್ತಾರೆ. ಮೂಲೆ, ಕೋನ ಎಂದು ಅದರ ಅರ್ಥ. ನಂತರ ದಿಕ್ಕು, ಪ್ರದೇಶ ಎಂಬ ಅರ್ಥಗಳೂ ಸೇರಿದವು. ಮಾಟ ಮಂತ್ರದ ಸೋಂಕು ಅದಕ್ಕಿರಲಿಲ್ಲ. ಅದು ಲೆಕ್ಕ ಬರೆಯುವವರ ಕೈಯಲ್ಲಿದ್ದ ಅಕ್ಷರ.

ಕ್ರಿ.ಪೂ. ಎರಡನೆಯ ಶತಮಾನದ ಜೆರುಸಲೆಮ್‌ನಲ್ಲಿ ಇದೇ ನಕ್ಷತ್ರ ಜಾಡಿಗಳ ಹಿಡಿಕೆಯ ಮೇಲೆ ಕಾಣಿಸುತ್ತದೆ. ಉತ್ಖನನದಲ್ಲಿ ದೊರೆತ ಹಿಡಿಕೆಗಳ ಮೇಲೆ ನಕ್ಷತ್ರದ ಮುದ್ರೆ ಒತ್ತಿ, ಮೊನೆಗಳ ನಡುವಿನ ಐದು ಸಂದುಗಳಲ್ಲಿ ಊರಿನ ಹೆಸರಿನ ಐದು ಹೀಬ್ರೂ ಅಕ್ಷರಗಳನ್ನು ಒಂದೊಂದಾಗಿ ಕೂರಿಸಿದ್ದಾರೆ. ಆ ಐದಕ್ಷರದ ಹೆಸರಿಗೆ ಐದು ಸಂದಿನ ಚಿತ್ರ ಹೇಳಿ ಮಾಡಿಸಿದಂತೆ ಹೊಂದಿಕೊಂಡಿದೆ. ಜಾಡಿ ಎಲ್ಲಿಯದು ಎಂದು ತಿಳಿಸುವ ಠಸ್ಸೆಯಾಗಿ ಅದು ಅಲ್ಲಿ ಬಳಕೆಯಾಗಿತ್ತು.

ಗಣಿತಜ್ಞರ ಗುರುತು

ನಕ್ಷತ್ರಕ್ಕೆ ಮೊದಲು ಗೂಢಾರ್ಥ ಕೊಟ್ಟವರೆಂದು ಹೆಸರಾದವರು ಗಣಿತದಲ್ಲಿ ಮುಳುಗಿದ್ದ ಗ್ರೀಕರು. ಕ್ರಿ.ಪೂ. ಆರನೆಯ ಶತಮಾನದಲ್ಲಿ ಪೈಥಾಗರಸ್ ದಕ್ಷಿಣ ಇಟಲಿಯ ಕ್ರೋಟನ್ ನಗರದಲ್ಲಿ ಒಂದು ಗುರುಕುಲ ಕಟ್ಟಿದ. ಶಾಲೆಯ ಹುಡುಗರು ಅವನ ಹೆಸರಿನ ಪ್ರಮೇಯವನ್ನು ಇಂದೂ ಉರುಹೊಡೆಯುತ್ತಾರೆ. ಸಂಖ್ಯೆಗಳೇ ಸೃಷ್ಟಿಯ ಮೂಲ ಎಂದು ನಂಬಿದ್ದ ಅವನ ಶಿಷ್ಯರು ತಮ್ಮ ಪಂಥದ ವಿಷಯಗಳನ್ನು ಹೊರಗಿನವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಅವರು ಪರಸ್ಪರ ಗುರುತಿಸಲು ಬಳಸುತ್ತಿದ್ದ ಚಿಹ್ನೆ ಈ ನಕ್ಷತ್ರ ಎಂದು ಕ್ರಿ.ಶ. ಎರಡನೆಯ ಶತಮಾನದ ಲೇಖಕ ಲೂಸಿಯನ್ ಬರೆದಿದ್ದಾನೆ. ಅವರು ಅದನ್ನು ‘ಆರೋಗ್ಯ’ ಎಂದೇ ಕರೆಯುತ್ತಿದ್ದರಂತೆ.

ಈ ಪಂಥದ ಬಗ್ಗೆ ಇಯಾಂಬ್ಲಿಕಸ್ ಎಂಬ ಲೇಖಕ ಹೇಳುವ ಕಥೆ ಸ್ವಾರಸ್ಯಕರವಾಗಿದೆ. ದೂರದ ಪ್ರಯಾಣ ಹೊರಟ ಪೈಥಾಗರಸ್‌ನ ಅನುಯಾಯಿಯೊಬ್ಬ ದಾರಿಯ ಛತ್ರದಲ್ಲಿ ಕಾಯಿಲೆ ಬಿದ್ದ. ಅವನ ಕೈಯಲ್ಲಿ ಕಾಸಿರಲಿಲ್ಲ. ಛತ್ರದ ಯಜಮಾನ ದಯೆಯಿಂದ ಆರೈಕೆ ಮಾಡಿದ. ಸಾಯುವ ಮುನ್ನ ಆ ಪ್ರಯಾಣಿಕ ಹಲಗೆಯ ಮೇಲೆ ಒಂದು ಚಿಹ್ನೆ ಬರೆದು, ಅದನ್ನು ಬಾಗಿಲಿಗೆ ತೂಗು ಹಾಕುವಂತೆ ಕೇಳಿಕೊಂಡ. ಬಹಳ ಕಾಲದ ಮೇಲೆ ಆ ದಾರಿಯಲ್ಲಿ ಬಂದ ಇನ್ನೊಬ್ಬ ಅನುಯಾಯಿ ಹಲಗೆಯನ್ನು ಕಂಡು ಒಳಗೆ ಬಂದು, ವಿಷಯ ತಿಳಿದು, ಖರ್ಚಿಗಿಂತ ಹೆಚ್ಚು ಹಣ ಕೊಟ್ಟು ಹೋದ. ಆ ಚಿಹ್ನೆ ಯಾವುದೆಂದು ಇಯಾಂಬ್ಲಿಕಸ್ ಹೇಳುವುದಿಲ್ಲ. ಲೂಸಿಯನ್ನನ ಮಾತಿನೊಡನೆ ಸೇರಿಸಿ ಓದಿದವರು ಅದು ನಕ್ಷತ್ರವೇ ಇರಬೇಕೆಂದು ಭಾವಿಸುತ್ತಾರೆ.

ಗಣಿತಜ್ಞರಿಗೆ ಈ ಆಕೃತಿಯ ಮೇಲೆ ಮೋಹ ಹುಟ್ಟಲು ಕಾರಣವಿತ್ತು. ನಕ್ಷತ್ರದ ಒಂದು ಗೆರೆಯನ್ನು ಇನ್ನೊಂದು ಗೆರೆ ಕತ್ತರಿಸುವಲ್ಲಿ ದೊಡ್ಡ ತುಂಡಿಗೂ ಚಿಕ್ಕ ತುಂಡಿಗೂ ಇರುವ ಅನುಪಾತ ಸುಮಾರು 1.618. ಇಡೀ ಗೆರೆಗೂ ದೊಡ್ಡ ತುಂಡಿಗೂ ಅದೇ ಅನುಪಾತ. ‘ಸುವರ್ಣ ಅನುಪಾತ’ ಎಂದು ಪ್ರಸಿದ್ಧವಾದದ್ದು ಇದೇ. ನಕ್ಷತ್ರದ ನಡುವೆ ಉಂಟಾಗುವ ಪಂಚಭುಜದೊಳಗೆ ಮತ್ತೊಂದು ಚಿಕ್ಕ ನಕ್ಷತ್ರ ಬರೆಯಬಹುದು. ಅದರೊಳಗೆ ಇನ್ನೊಂದು. ಹೀಗೆ ಎಷ್ಟು ಒಳಗೆ ಹೋದರೂ ಮುಗಿಯದು. ಕೊನೆಯಿಲ್ಲದ್ದನ್ನು ಐದು ಗೆರೆಯಲ್ಲಿ ತೋರಿಸುವ ಚಿತ್ರವನ್ನು ಪವಿತ್ರವೆಂದು ಕಂಡರೆ ಆಶ್ಚರ್ಯವಿಲ್ಲ.

ಸೊಲೊಮನ್ನನ ಉಂಗುರ

ಮಂತ್ರವಿದ್ಯೆಯೊಳಗೆ ನಕ್ಷತ್ರ ಪ್ರವೇಶಿಸಿದ್ದು ಮುಖ್ಯವಾಗಿ ದೊರೆ ಸೊಲೊಮನ್ನನ ಹೆಸರಿನಲ್ಲಿ. ಬೈಬಲ್ಲಿನ ಈ ಜ್ಞಾನಿ ಅರಸನಿಗೆ ದೆವ್ವಗಳ ಮೇಲೂ ಅಧಿಕಾರವಿತ್ತು ಎಂಬ ಪ್ರತೀತಿ ಯಹೂದಿಗಳಲ್ಲಿತ್ತು. ಅದು ಕ್ರೈಸ್ತರಿಗೂ ಮುಸ್ಲಿಮರಿಗೂ ಹಬ್ಬಿತು. ಮೊದಲನೆಯ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ತಾನೇ ಕಂಡದ್ದೆಂದು ಒಂದು ಘಟನೆ ಬರೆದಿದ್ದಾನೆ. ಎಲಿಯಾಜರ್ ಎಂಬ ಮಂತ್ರವಾದಿ ರೋಮಿನ ವೆಸ್ಪೇಸಿಯನ್ನನ ಎದುರು ದೆವ್ವ ಹಿಡಿದವನ ಮೂಗಿಗೆ ಉಂಗುರವೊಂದನ್ನು ಹಿಡಿದ. ಉಂಗುರದ ಮುದ್ರೆಯ ಕೆಳಗೆ ಸೊಲೊಮನ್ ಸೂಚಿಸಿದ್ದ ಬೇರಿನ ತುಂಡಿತ್ತು. ದೆವ್ವ ಮೂಗಿನ ಹೊಳ್ಳೆಯಿಂದ ಹೊರಬಂತು. ಹೋಗುವಾಗ ಪಕ್ಕದಲ್ಲಿಟ್ಟ ನೀರಿನ ಪಾತ್ರೆಯನ್ನು ಉರುಳಿಸಿತು!

ಮುಂದೆ ಗ್ರೀಕ್ ಭಾಷೆಯಲ್ಲಿ ‘ಸೊಲೊಮನ್ನನ ಒಡಂಬಡಿಕೆ’ ಎಂಬ ಗ್ರಂಥ ಬಂತು. ಅದರ ಪ್ರಕಾರ ದೇವಾಲಯ ಕಟ್ಟುವ ಕೆಲಸಕ್ಕೆ ದೆವ್ವ ಅಡ್ಡಿ ಮಾಡಿದಾಗ ದೇವದೂತ ಮಿಕಾಯೇಲ ಬಂದು ಸೊಲೊಮನ್ನನಿಗೆ ಮುದ್ರೆಯುಂಗುರ ಕೊಡುತ್ತಾನೆ. ಅದರ ಬಲದಿಂದ ಅರಸ ದೆವ್ವಗಳನ್ನೇ ಕಲ್ಲು ಹೊರುವ ಕೂಲಿಗಳನ್ನಾಗಿ ಮಾಡಿಕೊಳ್ಳುತ್ತಾನೆ. ಮುದ್ರೆಯ ಆಕಾರದ ಬಗ್ಗೆ ಹಸ್ತಪ್ರತಿಗಳಲ್ಲಿ ಒಮ್ಮತವಿಲ್ಲ. ‘ಸೊಲೊಮನ್ನನ ಮುದ್ರೆ’ ಎಂಬ ಹೆಸರು ಶತಮಾನಗಳವರೆಗೆ ಐದು ಮೊನೆಯ ನಕ್ಷತ್ರಕ್ಕೂ ಆರು ಮೊನೆಯ ನಕ್ಷತ್ರಕ್ಕೂ ಸಲ್ಲುತ್ತಿತ್ತು. ಮೊರೊಕ್ಕೊ ದೇಶದ ಕೆಂಪು ಬಾವುಟದ ಮೇಲೆ 1915ರಲ್ಲಿ ಸೇರಿಸಿದ ಹಸಿರು ನಕ್ಷತ್ರ ಈ ಪರಂಪರೆಯದೇ. ಅದರ ಐದು ಗೆರೆಗಳೂ ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ಕಾಣಬಹುದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಕಥೆಗಳಲ್ಲಿ ದೆವ್ವವನ್ನು ಕರೆದು ಪೂಜಿಸಲು ಮುದ್ರೆ ಬಳಕೆಯಾಗುವುದಿಲ್ಲ. ದೆವ್ವ ಅದಕ್ಕೆ ಹೆದರುತ್ತದೆ. ನಕ್ಷತ್ರವಿದ್ದ ಕಡೆ ದುಷ್ಟ ಶಕ್ತಿಗೆ ಪ್ರವೇಶವಿಲ್ಲ ಎಂಬುದೇ ಅಂದಿನ ನಂಬಿಕೆ.

ಗುರಾಣಿಯಿಂದ ಹೊಸ್ತಿಲಿಗೆ

ಮಧ್ಯಯುಗದ ಕ್ರೈಸ್ತರು ಇದೇ ನಂಬಿಕೆಯಿಂದ ನಕ್ಷತ್ರವನ್ನು ತಮ್ಮದಾಗಿಸಿಕೊಂಡರು. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದ ಇಂಗ್ಲಿಷ್ ಕಾವ್ಯ ‘ಸರ್ ಗವೇನ್ ಅಂಡ್ ದ ಗ್ರೀನ್ ನೈಟ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕವಿ ಯಾರೆಂದು ತಿಳಿದಿಲ್ಲ. ಕಾವ್ಯ ಉಳಿದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ. ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆರ್ಥರ್ ದೊರೆಯ ಆಸ್ಥಾನದ ವೀರ ಗವೇನ್‌ನ ಕೆಂಪು ಗುರಾಣಿಯ ಮೇಲೆ ಚಿನ್ನದ ಬಣ್ಣದ ನಕ್ಷತ್ರವಿದೆ. ಸೊಲೊಮನ್ ಇದನ್ನು ಸತ್ಯದ ಸಂಕೇತವಾಗಿ ಸ್ಥಾಪಿಸಿದನೆಂದು ಕವಿ ಹೇಳುತ್ತಾನೆ. ಎಲ್ಲಿಯೂ ತುಂಡಾಗದ ಗೆರೆಯಾದ್ದರಿಂದ ಜನ ಇದನ್ನು ಕೊನೆಯಿಲ್ಲದ ಗಂಟು ಎನ್ನುತ್ತಾರೆಂದೂ ವಿವರಿಸುತ್ತಾನೆ. ಪಂಚೇಂದ್ರಿಯ, ಐದು ಬೆರಳು, ಕ್ರಿಸ್ತನ ಐದು ಗಾಯ, ಮೇರಿಯ ಐದು ಸಂತೋಷ, ವೀರನಿಗಿರಬೇಕಾದ ಐದು ಸದ್ಗುಣ, ಹೀಗೆ ಐದು ಐದುಗಳನ್ನು ಅದಕ್ಕೆ ಹೊಂದಿಸುತ್ತಾನೆ.

ಚರ್ಚುಗಳ ಕಲ್ಲು ಕಟ್ಟಡಗಳಲ್ಲಿಯೂ ನಕ್ಷತ್ರಕ್ಕೆ ಸ್ಥಾನವಿತ್ತು. ಜರ್ಮನಿಯ ಹ್ಯಾನೋವರ್ ನಗರದ ಮಾರ್ಕ್ಟ್ ಚರ್ಚಿನ ಗೋಪುರದ ಮೇಲೆ ಅದು ಇಂದಿಗೂ ಕಾಣುತ್ತದೆ. ಫ್ರಾನ್ಸಿನ ಅಮಿಯೆನ್ ಕೆಥೆಡ್ರಲ್ ಇನ್ನೂ ಕುತೂಹಲಕರ. ಅದರ ಉತ್ತರ ದಿಕ್ಕಿನ ದುಂಡು ಕಿಟಕಿಯ ನಡುವೆ ಕಲ್ಲಿನಲ್ಲಿ ಕೆತ್ತಿದ ದೊಡ್ಡ ನಕ್ಷತ್ರವಿದ್ದು, ಅದರ ಒಂದು ಮೊನೆ ಕೆಳಕ್ಕೂ ಎರಡು ಮೊನೆ ಮೇಲಕ್ಕೂ ಇವೆ. ಇಂದಿನ ಲೆಕ್ಕದಲ್ಲಿ ಅದು ‘ಸೈತಾನನ’ ನಕ್ಷತ್ರ. ಅದನ್ನು ಕೆತ್ತಿದವರಿಗೂ ಅದರ ಕೆಳಗೆ ಪ್ರಾರ್ಥಿಸಿದವರಿಗೂ ಹಾಗೆ ತೋರಲಿಲ್ಲ.

ಜನಸಾಮಾನ್ಯರಿಗೆ ನಕ್ಷತ್ರ ಮನೆಯ ಕಾವಲಾಗಿತ್ತು. ಜರ್ಮನ್ ಭಾಷೆಯ ನಾಡುಗಳಲ್ಲಿ ‘ಡ್ರೂಡ’ ಎಂಬ ಪೀಡೆ ರಾತ್ರಿ ಬಂದು ಮಲಗಿದವರ ಎದೆಯ ಮೇಲೆ ಕೂರುತ್ತದೆಂಬ ಭಯವಿತ್ತು. ಅದನ್ನು ತಡೆಯಲು ತೊಟ್ಟಿಲು, ಮಂಚ, ಹೊಸ್ತಿಲುಗಳ ಮೇಲೆ ಜನ ನಕ್ಷತ್ರ ಬರೆಯುತ್ತಿದ್ದರು. ‘ಡ್ರೂಡನ ಪಾದ’ ಎಂದೇ ಅದರ ಹೆಸರು. ಗಯಟೆ 1808ರಲ್ಲಿ ಪ್ರಕಟಿಸಿದ ‘ಫೌಸ್ಟ್’ ನಾಟಕದ ಮೊದಲ ಭಾಗದಲ್ಲಿ ಈ ನಂಬಿಕೆಯೇ ಒಂದು ದೃಶ್ಯವಾಗಿದೆ. ನಾಯಿಯ ರೂಪದಲ್ಲಿ ವಿದ್ವಾಂಸನ ಕೋಣೆ ಹೊಕ್ಕ ಪಿಶಾಚಿ ಮೆಫಿಸ್ಟೊಫಿಲಿಸ್‌ಗೆ ಹೊರಹೋಗಲು ಆಗುವುದಿಲ್ಲ. ಹೊಸ್ತಿಲ ಮೇಲಿನ ನಕ್ಷತ್ರ ಅವನನ್ನು ತಡೆಯುತ್ತದೆ. ಹೊರಮುಖದ ಒಂದು ಮೊನೆ ಸರಿಯಾಗಿ ಕೂಡಿರದ ಕಾರಣ ಒಳಗೆ ಬಂದವನು ಈಗ ಸಿಕ್ಕಿಬಿದ್ದಿದ್ದಾನೆ. ಕೊನೆಗೆ ಇಲಿಯಿಂದ ಆ ಮೊನೆಯನ್ನು ಕಡಿಸಿ ತಪ್ಪಿಸಿಕೊಳ್ಳುತ್ತಾನೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೂ ಪಿಶಾಚಿ ಈ ಚಿತ್ರಕ್ಕೆ ಅಂಜುತ್ತಿದ್ದ ಎಂಬುದನ್ನು ನೆನಪಿಡಬೇಕು.

ಪ್ಯಾರಿಸ್‌ನ ಚಮ್ಮಾರನ ಮಗ

ವಿದ್ವಾಂಸರ ಮಂತ್ರವಿದ್ಯೆಯಲ್ಲಿಯೂ ನಕ್ಷತ್ರ ಗೌರವದ ಸ್ಥಾನದಲ್ಲಿತ್ತು. ಜರ್ಮನಿಯ ಕಾರ್ನೀಲಿಯಸ್ ಅಗ್ರಿಪ್ಪ 1533ರಲ್ಲಿ ಸಂಪೂರ್ಣವಾಗಿ ಪ್ರಕಟಿಸಿದ ಗೂಢವಿದ್ಯೆಯ ಗ್ರಂಥದಲ್ಲಿ ಕೈಕಾಲು ಚಾಚಿ ನಿಂತ ಮನುಷ್ಯನ ಚಿತ್ರವಿದೆ. ತಲೆ, ಎರಡು ಕೈ, ಎರಡು ಕಾಲು ಸೇರಿ ಐದು ಮೊನೆಗಳಾಗಿವೆ. ಸುತ್ತ ಗ್ರಹಗಳ ಸಂಕೇತಗಳು. ಮನುಷ್ಯನ ದೇಹ ಬ್ರಹ್ಮಾಂಡದ ಕಿರು ರೂಪ ಎಂಬುದು ಅದರ ಭಾವ. ‘ಪಿಂಡಾಂಡ ಬ್ರಹ್ಮಾಂಡ’ ಎಂಬ ಮಾತು ಕೇಳಿ ಬೆಳೆದ ಓದುಗರಿಗೆ ಇದು ಹೊಸದೆನಿಸದು.

ಈ ಮನುಷ್ಯನನ್ನು ತಲೆಕೆಳಗು ಮಾಡಿದವನು ಅಲ್ಫಾನ್ಸ್ ಲೂಯಿ ಕಾನ್‌ಸ್ಟಾಂಟ್. 1810ರಲ್ಲಿ ಪ್ಯಾರಿಸ್‌ನಲ್ಲಿ ಚಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಈತ ಪಾದ್ರಿಯಾಗಲು ಓದಿದ. ದೀಕ್ಷೆಗೆ ಸ್ವಲ್ಪ ಮುಂಚೆ ಮನಸ್ಸು ಬದಲಿಸಿ ಹೊರಬಂದ. ಸಮಾಜವಾದಿಗಳ ಸಂಗ ಹಿಡಿದು, ಕ್ರಾಂತಿಕಾರಿ ಪುಸ್ತಕ ಬರೆದು 1841ರಲ್ಲಿ ಜೈಲು ಸೇರಿದ. ಮುಂದೆ ಗೂಢವಿದ್ಯೆಯತ್ತ ತಿರುಗಿ ತನ್ನ ಹೆಸರನ್ನು ಹೀಬ್ರೂ ರೂಪಕ್ಕೆ ಬದಲಿಸಿಕೊಂಡ. ಜಗತ್ತು ಅವನನ್ನು ತಿಳಿದಿರುವುದು ಆ ಹೆಸರಿನಿಂದಲೇ: ಎಲಿಫಾಸ್ ಲೆವಿ.

1854ರಿಂದ 1856ರ ನಡುವೆ ಎರಡು ಭಾಗಗಳಲ್ಲಿ ಬಂದ ಅವನ ಗ್ರಂಥ ಉನ್ನತ ಮಂತ್ರವಿದ್ಯೆಯ ಸಿದ್ಧಾಂತ ಮತ್ತು ವಿಧಿಗಳನ್ನು ಕುರಿತದ್ದು. ಅದರಲ್ಲಿ ಅವನು ಹೊಸ ನಿಯಮವೊಂದನ್ನು ಹೇಳಿದ. ಒಂದು ಮೊನೆ ಮೇಲಿದ್ದರೆ ನಕ್ಷತ್ರ ಶುಭ. ಅದು ರಕ್ಷಕನ ಸಂಕೇತ. ಎರಡು ಮೊನೆ ಮೇಲಾದರೆ ಅದು ಸೈತಾನ. ಮೇಲಿನ ಎರಡು ಮೊನೆ ಮೇಕೆಯ ಕೊಂಬು, ಪಕ್ಕದ ಎರಡು ಅದರ ಕಿವಿ, ಕೆಳಗಿನದು ಗಡ್ಡ. ನೆಟ್ಟಗಿದ್ದರೆ ಬುದ್ಧಿ ದೇಹವನ್ನು ಆಳುತ್ತದೆ, ತಲೆಕೆಳಗಾದರೆ ಎಲ್ಲ ಅಸ್ತವ್ಯಸ್ತ.

ಹಿಂದಿನ ಮಂತ್ರಗ್ರಂಥಗಳಲ್ಲಿ ಈ ಭೇದಕ್ಕೆ ಸ್ಪಷ್ಟ ಆಧಾರ ಸಿಗುವುದಿಲ್ಲ. ಲೆವಿ ಮಾತ್ರ ಅದನ್ನು ಪುರಾತನ ರಹಸ್ಯವೆಂಬ ಧಾಟಿಯಲ್ಲಿ ಬರೆದ. ಅದೇ ಗ್ರಂಥದಲ್ಲಿ ಅವನು ತಾನೇ ಬರೆದ ‘ಬಾಫೊಮೆಟ್’ ಚಿತ್ರವೂ ಇದೆ: ಮೇಕೆಯ ತಲೆ, ರೆಕ್ಕೆ, ಹೆಣ್ಣಿನ ಎದೆ ಇರುವ ವಿಚಿತ್ರ ದೇವತೆ. ಬಾಫೊಮೆಟ್ ಎಂಬ ಹೆಸರು ಹಳೆಯದು. 1307ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ ಟೆಂಪ್ಲರ್ ಎಂಬ ಧಾರ್ಮಿಕ ಯೋಧರ ಪಂಗಡವನ್ನು ಬಂಧಿಸಿದಾಗ, ಅವರು ಆ ಹೆಸರಿನ ವಿಗ್ರಹವನ್ನು ಪೂಜಿಸುತ್ತಾರೆಂಬ ಆರೋಪ ಹೊರಿಸಲಾಗಿತ್ತು. ಹೆಸರು ಹಳೆಯದಾದರೂ ಮೇಕೆಯ ರೂಪ ಲೆವಿಯ ಕಲ್ಪನೆ. ಇನ್ನೂ ವಿಚಿತ್ರವೆಂದರೆ, ಆ ಮೇಕೆಯ ಹಣೆಯ ಮೇಲೆ ಅವನು ಬರೆದಿರುವ ನಕ್ಷತ್ರ ನೆಟ್ಟಗಿದೆ!

ಲೆವಿಯ ಮಾತು ಅವನ ಜೀವಮಾನದಲ್ಲಿ ಗೂಢವಿದ್ಯೆಯ ಆಸಕ್ತರನ್ನು ದಾಟಿ ಹೋಗಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861-62ರಲ್ಲಿ, ಆ ದೇಶದ ಅತ್ಯುನ್ನತ ಶೌರ್ಯ ಪದಕ ‘ಮೆಡಲ್ ಆಫ್ ಆನರ್’ ಸ್ಥಾಪನೆಯಾಯಿತು. ಐದು ಮೊನೆಯ ಆ ಪದಕ ಒಂದು ಮೊನೆ ಕೆಳಗಾಗಿ ತೂಗುತ್ತದೆ. ಇಂದಿಗೂ ಹಾಗೆಯೇ ತೂಗುತ್ತಿದೆ. ಅದರಲ್ಲಿ ಮೇಕೆಯ ಮುಖ ಕಂಡವರಿಲ್ಲ.

ಮೇಕೆಯ ತಲೆ ಬಂದದ್ದು

ಲೆವಿ ಮಾತಿನಲ್ಲಿ ಹೇಳಿದ್ದನ್ನು ಅವನ ಅನುಯಾಯಿ ಸ್ತಾನಿಸ್ಲಾಸ್ ದ ಗೈತ ತನ್ನ ಪುಸ್ತಕದಲ್ಲಿ ಚಿತ್ರವಾಗಿ ಕೊಟ್ಟ. 1897ರಲ್ಲಿ ಬಂದ, ಕರಾಳ ಮಂತ್ರವಿದ್ಯೆಯನ್ನು ಕುರಿತ ಆ ಪುಸ್ತಕದಲ್ಲಿ ತಲೆಕೆಳಗಾದ ನಕ್ಷತ್ರದೊಳಗೆ ಮೇಕೆಯ ತಲೆ ಅಚ್ಚಾಗಿದೆ. ಗೈತ ಅದನ್ನು ಕೊಟ್ಟದ್ದು ಕೆಡುಕಿನ ಉದಾಹರಣೆಯಾಗಿ. ಪಕ್ಕದಲ್ಲಿಯೇ ಒಳಿತಿನ ಸಂಕೇತವಾಗಿ ನೆಟ್ಟಗಿನ ನಕ್ಷತ್ರವೂ ಇತ್ತು.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ನೆಟ್ಟಗಿನ ನಕ್ಷತ್ರ ಬೇರೊಂದು ದಾರಿ ಹಿಡಿದಿತ್ತು. 1888ರಲ್ಲಿ ಲಂಡನ್ನಿನಲ್ಲಿ ‘ಗೋಲ್ಡನ್ ಡಾನ್’ ಎಂಬ ಗುಪ್ತ ಸಂಘ ಹುಟ್ಟಿತು. ಶವ ತನಿಖೆಯ ಅಧಿಕಾರಿ ವಿಲಿಯಂ ವಿನ್ ವೆಸ್ಟ್‌ಕಾಟ್ ಅದರ ಮೂವರು ಸ್ಥಾಪಕರಲ್ಲೊಬ್ಬ. ಐರಿಷ್ ಕವಿ ಯೇಟ್ಸ್ 1890ರಲ್ಲಿ ಅದರ ಸದಸ್ಯನಾದ. ನಾಲ್ಕು ದಿಕ್ಕಿಗೂ ಮುಖ ಮಾಡಿ ಗಾಳಿಯಲ್ಲಿ ನಕ್ಷತ್ರ ಬರೆದು ದೇವರ ಹೆಸರು ಹೇಳುವುದು ಸಂಘದಲ್ಲಿ ಹೊಸಬರು ಕಲಿಯುತ್ತಿದ್ದ ವಿಧಿ. ಕೆಟ್ಟ ಶಕ್ತಿಗಳನ್ನು ದೂರವಿಡುವುದು ಅದರ ಉದ್ದೇಶ. ಭೂಮಿ, ನೀರು, ಬೆಂಕಿ, ಗಾಳಿಗೆ ಒಂದೊಂದು ಮೊನೆ, ತುದಿಯ ಮೊನೆ ಆತ್ಮಕ್ಕೆ. ನಮ್ಮ ಪಂಚಭೂತಗಳನ್ನು ನೆನಪಿಗೆ ತಂದರೂ ಇದರ ಬೇರು ಗ್ರೀಕರ ನಾಲ್ಕು ಮೂಲವಸ್ತುಗಳಲ್ಲಿದೆ. ಇದೇ ಸಂಘದವರಾದ ಎ.ಇ. ವೇಯ್ಟ್ ಮತ್ತು ಚಿತ್ರಕಾರ್ತಿ ಪಮೇಲಾ ಕೋಲ್ಮನ್ ಸ್ಮಿತ್ 1909ರಲ್ಲಿ ಹೊರತಂದ ಟ್ಯಾರೋ ಎಲೆಗಳಲ್ಲಿ ಹಳೆಯ ‘ನಾಣ್ಯ’ಗಳ ಮೇಲೆ ನಕ್ಷತ್ರ ಕುಳಿತಿತು. ಭವಿಷ್ಯ ಹೇಳುವ ಈ ಎಲೆಗಳು ಇಂದು ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿಯೂ ಸಿಗುತ್ತವೆ.

ತಲೆಕೆಳಗಿನ ನಕ್ಷತ್ರಕ್ಕೆ ಪ್ರಚಾರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1966ರ ಏಪ್ರಿಲ್ 30ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಂಟನ್ ಲಾವೆ ‘ಚರ್ಚ್ ಆಫ್ ಸೇಟನ್’ ಸ್ಥಾಪಿಸಿದ. ಗೈತನ ಕಾಲದ ಮೇಕೆಯ ನಕ್ಷತ್ರ ಆ ಸಂಸ್ಥೆಯ ಅಧಿಕೃತ ಚಿಹ್ನೆಯಾಯಿತು. ಸೈತಾನನೆಂಬ ವ್ಯಕ್ತಿ ಇದ್ದಾನೆಂದು ಲಾವೆ ನಂಬಿರಲಿಲ್ಲ. ಕ್ರೈಸ್ತ ಸಂಪ್ರದಾಯವನ್ನು ಕೆಣಕುವುದು ಅವನಿಗೆ ಬೇಕಿತ್ತು. ಅದಕ್ಕೆ ಬೇಕಾದ ಚಿತ್ರ ಹಳೆಯ ಪುಸ್ತಕದಲ್ಲಿ ಸಿದ್ಧವಾಗಿ ಸಿಕ್ಕಿತು. ಅಷ್ಟರಲ್ಲಾಗಲೇ ಹಾಲಿವುಡ್ ಕೂಡ ನಕ್ಷತ್ರವನ್ನು ಭಯದ ಜೊತೆ ಕಟ್ಟಿಹಾಕಿತ್ತು. 1941ರ ‘ದ ವುಲ್ಫ್ ಮ್ಯಾನ್’ ಚಿತ್ರದಲ್ಲಿ ನರತೋಳಕ್ಕೆ ಬಲಿಯಾಗಲಿರುವವರ ಅಂಗೈಯಲ್ಲಿ ನಕ್ಷತ್ರ ಮೂಡುತ್ತದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹೆವಿ ಮೆಟಲ್ ಸಂಗೀತದ ತಂಡಗಳು ಅದನ್ನು ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಅಚ್ಚು ಹಾಕಿದವು. ಹದಿಹರೆಯದವರಿಗೆ ಅದು ಹಿರಿಯರನ್ನು ರೇಗಿಸುವ ಚಿತ್ರವಾಯಿತು. ಹಿರಿಯರು ಅದನ್ನು ನಿಜವೆಂದೇ ನಂಬಿದರು.

ಭಯದ ದಶಕ

1980ರ ದಶಕದಲ್ಲಿ ಸೈತಾನನ ಗುಪ್ತ ಪಂಥಗಳು ಮಕ್ಕಳನ್ನು ಹಿಂಸಿಸುತ್ತಿವೆ ಎಂಬ ಭೀತಿ ಅಮೆರಿಕದಾದ್ಯಂತ ಹರಡಿತು. ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಶಿಶುವಿಹಾರದ ಮೇಲೆ 1983ರಲ್ಲಿ ಬಂದ ಆರೋಪಗಳ ವಿಚಾರಣೆ 1990ರವರೆಗೆ ಎಳೆದಾಡಿತು. ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಆದರೆ ಆರೋಪಿಗಳ ಬದುಕು ನುಚ್ಚುನೂರಾಗಿತ್ತು. ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಯ ಅಧಿಕಾರಿ ಕೆನೆತ್ ಲ್ಯಾನಿಂಗ್ ವರ್ಷಗಟ್ಟಲೆ ಇಂಥ ದೂರುಗಳನ್ನು ಪರಿಶೀಲಿಸಿ 1992ರಲ್ಲಿ ವರದಿ ಕೊಟ್ಟ. ಸಂಘಟಿತ ಸೈತಾನ ಪಂಥಗಳು ನರಬಲಿ ಕೊಡುತ್ತಿವೆ ಎನ್ನಲು ಪುರಾವೆ ಇಲ್ಲ ಎಂಬುದು ಅದರ ಸಾರಾಂಶ.

ಅದಾಗಿ ಎರಡೇ ವರ್ಷಕ್ಕೆ ವೆಸ್ಟ್ ಮೆಂಫಿಸ್‌ನ ತೀರ್ಪು ಬಂತು. ಆರೋಪಿಗಳು ತೊಡುತ್ತಿದ್ದ ಕಪ್ಪು ಅಂಗಿ, ಕೇಳುತ್ತಿದ್ದ ಸಂಗೀತ, ಓದುತ್ತಿದ್ದ ಪುಸ್ತಕ, ಬರೆದ ನಕ್ಷತ್ರ ಎಲ್ಲವೂ ಅವರ ವಿರುದ್ಧ ಮಾತಾಡಿದವು. ನಂತರದ ವರ್ಷಗಳಲ್ಲಿ ನಡೆದ ಡಿಎನ್‌ಎ ಪರೀಕ್ಷೆಗಳಲ್ಲಿ ಮೂವರಿಗೂ ಕೊಲೆಯ ಸ್ಥಳಕ್ಕೂ ಸಂಬಂಧ ಕಾಣಲಿಲ್ಲ. 2011ರ ಆಗಸ್ಟ್ 19ರಂದು, ತಾವು ನಿರಪರಾಧಿಗಳೆಂದು ಹೇಳುತ್ತಲೇ ತಾಂತ್ರಿಕವಾಗಿ ತಪ್ಪೊಪ್ಪಿಕೊಳ್ಳುವ ವಿಶಿಷ್ಟ ಒಪ್ಪಂದದ ಮೇಲೆ ಮೂವರೂ ಬಿಡುಗಡೆಯಾದರು. ಅಷ್ಟರಲ್ಲಿ ಹದಿನೆಂಟು ವರ್ಷ ಜೈಲಿನಲ್ಲಿ ಕಳೆದಿದ್ದವು.

ಸಮಾಧಿಯ ಮೇಲೆ ನಕ್ಷತ್ರ

ಇದೇ ನಕ್ಷತ್ರವನ್ನು ಎದೆಯ ಮೇಲೆ ಭಕ್ತಿಯಿಂದ ಧರಿಸುವವರೂ ಇದ್ದಾರೆ. ಇಂಗ್ಲೆಂಡಿನಲ್ಲಿ 1735ರ ಮಾಟಗಾರಿಕೆಯ ಕಾನೂನು 1951ರಲ್ಲಿ ರದ್ದಾಯಿತು. ಮೂರು ವರ್ಷದ ಬಳಿಕ, ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತನಾದ ಜೆರಾಲ್ಡ್ ಗಾರ್ಡ್ನರ್ ತನ್ನ ಪುಸ್ತಕ ‘ವಿಚ್‌ಕ್ರಾಫ್ಟ್ ಟುಡೇ’ ಪ್ರಕಟಿಸಿದ. ಅವನಿಂದ ಹಬ್ಬಿದ ‘ವಿಕ್ಕ’ ಎಂಬ ಹೊಸ ಧರ್ಮ ನಿಸರ್ಗವನ್ನೂ ದೇವಿಯನ್ನೂ ಪೂಜಿಸುತ್ತದೆ. ಸೈತಾನ ಅದರ ನಂಬಿಕೆಗೆ ಸೇರಿದವನಲ್ಲ. ವೃತ್ತದೊಳಗಿನ ನಕ್ಷತ್ರ ಅದರ ಮುಖ್ಯ ಚಿಹ್ನೆ. ಗಾರ್ಡ್ನರ್ ಸಂಪ್ರದಾಯದಲ್ಲಿ ಎರಡನೆಯ ಹಂತದ ದೀಕ್ಷೆಗೆ ತಲೆಕೆಳಗಾದ ನಕ್ಷತ್ರವೇ ಗುರುತು. ಅಲ್ಲಿ ಅದಕ್ಕೆ ಕೆಡುಕಿನ ಅರ್ಥವಿಲ್ಲ.

2005ರ ಸೆಪ್ಟೆಂಬರಿನಲ್ಲಿ ಆಫ್ಘಾನಿಸ್ತಾನದಲ್ಲಿ ಅಮೆರಿಕದ ಸೇನಾ ಹೆಲಿಕಾಪ್ಟರ್ ಉರುಳಿ ಸತ್ತವರಲ್ಲಿ ವಿಕ್ಕ ಧರ್ಮದ ಒಬ್ಬ ಸಾರ್ಜೆಂಟ್ ಇದ್ದ. ಯೋಧರ ಸ್ಮಾರಕದ ಮೇಲೆ ಅವರವರ ಧರ್ಮದ ಚಿಹ್ನೆ ಕೆತ್ತಿಸುವುದು ಅಲ್ಲಿನ ಸರಕಾರದ ಪದ್ಧತಿ. ಅನುಮತಿ ಪಡೆದ ಚಿಹ್ನೆಗಳ ಪಟ್ಟಿಯಲ್ಲಿ ಕ್ರೈಸ್ತ, ಯಹೂದಿ, ಮುಸ್ಲಿಂ, ಹಿಂದೂ, ಬೌದ್ಧ ಚಿಹ್ನೆಗಳಿದ್ದವು, ನಾಸ್ತಿಕರಿಗೂ ಒಂದಿತ್ತು. ನಕ್ಷತ್ರ ಮಾತ್ರ ಇರಲಿಲ್ಲ. ಅದಕ್ಕಾಗಿ ವಿಕ್ಕನ್ನರು ವರ್ಷಗಳಿಂದ ಸಲ್ಲಿಸಿದ್ದ ಅರ್ಜಿಗಳು ಕಡತದಲ್ಲಿಯೇ ಉಳಿದಿದ್ದವು. ಸಾರ್ಜೆಂಟನ ಪತ್ನಿಯೂ ಇತರರೂ ನ್ಯಾಯಾಲಯದ ಮೆಟ್ಟಿಲೇರಿದರು. 2007ರ ಏಪ್ರಿಲಿನಲ್ಲಿ ಸರಕಾರ ರಾಜಿಗೆ ಒಪ್ಪಿ ನಕ್ಷತ್ರವನ್ನು ಪಟ್ಟಿಗೆ ಸೇರಿಸಿತು. ನಕ್ಷತ್ರಾಕಾರದ ಪದಕವನ್ನು ವೀರರ ಕೊರಳಿಗೆ ಹಾಕುವ ದೇಶದಲ್ಲಿ ಸತ್ತ ಸೈನಿಕನ ಕಲ್ಲಿಗೆ ಒಂದು ನಕ್ಷತ್ರ ಸಿಗಲು ಮೊಕದ್ದಮೆ ಬೇಕಾಯಿತು.

ಗೆರೆ ಹೇಳದ ಮಾತು

ಚಿಹ್ನೆಯ ಈ ವಿಧಿಯನ್ನು ಅರ್ಥಮಾಡಿಕೊಳ್ಳಲು ಭಾರತೀಯರಿಗೆ ದೂರದ ಉದಾಹರಣೆ ಬೇಕಿಲ್ಲ. ಇಲ್ಲಿ ಮದುವೆಯ ಕರೆಯೋಲೆಯ ಮೇಲೂ ಅಂಗಡಿಯ ಲೆಕ್ಕದ ಪುಸ್ತಕದ ಮೇಲೂ ಬರೆಯುವ ಸ್ವಸ್ತಿಕವನ್ನು ಹಿಟ್ಲರನ ಪಕ್ಷ 1920ರಲ್ಲಿ ತನ್ನ ಗುರುತಾಗಿ ಮಾಡಿಕೊಂಡಿತು. ಯುರೋಪಿನ ಯಹೂದಿಗೆ ಅದು ಇಂದಿಗೂ ಸಾವಿನ ನೆನಪು. ಹಿಟ್ಲರನದು ಉಲ್ಟಾ ತಿರುಗಿದ ಸ್ವಸ್ತಿಕ, ಆದ್ದರಿಂದಲೇ ಅಶುಭ ಎಂದು ಹೇಳಿ ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಅದೂ ಲೆವಿಯ ನಿಯಮದಂಥದೇ. ನಾಜಿಗಳ ಸ್ವಸ್ತಿಕದ ತೋಳುಗಳು ತಿರುಗುವುದು ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಸ್ವಸ್ತಿಕದ ದಿಕ್ಕಿಗೇ. ವ್ಯತ್ಯಾಸವಿದ್ದದ್ದು ಅದನ್ನು ಹಿಡಿದ ಕೈಗಳಲ್ಲಿ.

ಹಾಗೆಂದು ಚಿಹ್ನೆಗೆ ಅರ್ಥವೇ ಇಲ್ಲ ಎನ್ನುವುದೂ ಸರಿಯಲ್ಲ. ಒಮ್ಮೆ ಕೊಟ್ಟ ಅರ್ಥ ಅಳಿಸಿಹೋಗುವುದಿಲ್ಲ. ಲೆವಿ 1850ರ ದಶಕದಲ್ಲಿ ಬರೆದದ್ದು ಕಲ್ಪನೆಯಾದರೂ, ಅದರಿಂದ ಹುಟ್ಟಿದ ಭಯ ಕಲ್ಪನೆಯಾಗಿರಲಿಲ್ಲ. ಚಿಹ್ನೆಯನ್ನು ಓದುವವರು ಅದನ್ನು ಬರೆದವನು ಯಾರು, ಯಾವ ಕಾಲದವನು, ಏನು ಹೇಳಲು ಬರೆದ ಎಂದು ಮೊದಲು ಕೇಳಬೇಕು. ಅರ್ಕಾನ್ಸಾಸ್‌ನ ನ್ಯಾಯಾಲಯದಲ್ಲಿ ಆ ಪ್ರಶ್ನೆ ಕೇಳುವ ವ್ಯವಧಾನ ಇರಲಿಲ್ಲ.

ಸುಮೇರಿಯಾದ ಬರಹಗಾರನಿಗೆ ಮೂಲೆ, ಪೈಥಾಗರಸ್‌ನ ಶಿಷ್ಯನಿಗೆ ಆರೋಗ್ಯ, ಗವೇನ್‌ನ ಕವಿಗೆ ಸತ್ಯ, ಜರ್ಮನಿಯ ತಾಯಿಗೆ ತೊಟ್ಟಿಲ ಕಾವಲು, ಗೈತನಿಗೆ ಮೇಕೆಯ ಮುಖ, ಸೈನಿಕನ ಪತ್ನಿಗೆ ಗಂಡನ ನಂಬಿಕೆ. ಐದು ಗೆರೆ ಮಾತ್ರ ಅವೇ. ಪೆನ್ಸಿಲ್ ಎತ್ತದೆ ಅದನ್ನು ಬರೆದು ಮುಗಿಸಿದ ಮಗು ಕಾಗದವನ್ನು ಯಾವ ಕಡೆ ತಿರುಗಿಸಿ ಹಿಡಿದರೂ ಅದಕ್ಕೆ ಕಾಣುವುದು ಒಂದು ನಕ್ಷತ್ರ.